ಹರಿಸೇವೆಯ ದಿನಗಳು

ಶ್ರಾವಣ ಹತ್ತಿರವಾಯಿತೆಂದರೆ ನಮ್ಮ ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಕೊಡಲಿಯ ಸದ್ದು ಶುರುವಾಗುತ್ತಿತ್ತು. ಹರಿಸೇವೆ ಇಟ್ಟುಕೊಂಡ ಮನೆಯ ಹಿತ್ತಿಲಲ್ಲಿ ಸೌದೆ ಸೀಳುತ್ತಿದ್ದಾರೆಂಬುದು ಆ ಸದ್ದಿನಿಂದಲೇ ಊರಿಗೆಲ್ಲ ತಿಳಿಯುತ್ತಿತ್ತು. ಶಂಖ, ಜಾಗಟೆಗಳ ಸರದಿ ಆಮೇಲೆ. ನನ್ನ ವಾರಿಗೆಯವರು, ಅಂದರೆ ಎಪ್ಪತ್ತರ ದಶಕದಲ್ಲಿ ಈ ಕಡೆಯ ಬೀದಿಗಳಲ್ಲಿ ಆಡಿ ಬೆಳೆದವರು, ಇದನ್ನು ಓದಿದರೆ ಆ ಒಲೆಗಳ ಹೊಗೆ ಈಗಲೂ ಅವರ ಕಣ್ಣಿಗೆ ಬರಬಹುದು.

ಹರಕೆಗೆ ಕಾರಣ ಏನು ಬೇಕಾದರೂ ಆಗಬಹುದಿತ್ತು. ಮಗುವಿನ ಜ್ವರ ಇಳಿದಿತ್ತು, ತಪ್ಪಿಸಿಕೊಂಡಿದ್ದ ಎತ್ತು ಸಿಕ್ಕಿತ್ತು, ಬರದ ಮೇಲೆ ಬರ ಬಿದ್ದು ಒಂದು ವರ್ಷ ರಾಗಿ ಕೈಗೆ ಹತ್ತಿತ್ತು. ಮಾಗಡಿ ತಿರುಮಲೆಯ ರಂಗನಾಥನಿಗೋ ತಿರುಪತಿಯ ತಿಮ್ಮಪ್ಪನಿಗೋ ಮನೆಯವರು ಮನಸ್ಸಿನಲ್ಲೇ ಒಂದು ಮಾತು ಕೊಟ್ಟುಬಿಡುತ್ತಿದ್ದರು. ಮಾತು ಕೊಟ್ಟವರು ಒಬ್ಬರು, ಅದನ್ನು ಸಲ್ಲಿಸಲು ನಿಲ್ಲುತ್ತಿದ್ದುದು ಇಡೀ ಊರು. ಯಾರನ್ನೂ ಕರೆಯಬೇಕಾಗಿರಲಿಲ್ಲ. ಹಿಂದಿನ ದಿನ ಸಂಜೆಗೇ ಹೆಂಗಸರು ಮೊರ ಹಿಡಿದು ಬರುತ್ತಿದ್ದರು. ಅಕ್ಕಿ ಆರಿಸುವವರು ಜಗಲಿಯ ಮೇಲೆ, ಕುಂಬಳಕಾಯಿ ಹೆಚ್ಚುವವರು ನಡುಮನೆಯಲ್ಲಿ, ಖಾರ ರುಬ್ಬುವವರು ಒರಳಿನ ಸುತ್ತ. ಊರಿಗೆ ಸೇರಿದ ಕೊಪ್ಪರಿಗೆಗಳನ್ನು ಗುಡಿಯ ಹಿಂದಿನ ಕೋಣೆಯಿಂದ ಗಂಡಸರು ಹೊತ್ತು ತಂದು, ಹುಣಿಸೇಹಣ್ಣು ಹಾಕಿ ಬೆಳಗುತ್ತಿದ್ದರು. ಹುಡುಗರಾದ ನಮಗೆ ನೀರು ಸೇದುವ ಕೆಲಸ. ಬಾವಿಯಿಂದ ಅಡುಗೆ ಚಪ್ಪರದವರೆಗೆ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ತುಳುಕಿದ ನೀರಿಗೆ ಮೈಯೆಲ್ಲ ಒದ್ದೆ.

ಸೇವೆಯ ದಿನವಾದ ಶನಿವಾರ ಬೆಳಗಾಗುತ್ತಲೇ ದಾಸಯ್ಯಗಳು ಬರುತ್ತಿದ್ದರು. ಹಣೆಗೆ ಮೂರು ನಾಮ, ಹೆಗಲಲ್ಲಿ ಬವನಾಸಿ, ಒಂದು ಕೈಯಲ್ಲಿ ಶಂಖ, ಇನ್ನೊಂದರಲ್ಲಿ ಜಾಗಟೆ, ಮುಂದೆ ಉರಿಯುವ ಗರುಡಗಂಬ. ಅವರು ಅಂಗಳಕ್ಕೆ ಕಾಲಿಟ್ಟ ಗಳಿಗೆಯಲ್ಲಿ ಹೊಲದಲ್ಲಿ ಕಳೆ ಕೀಳುವವರೂ ಸೊಂಟ ನೆಟ್ಟಗೆ ಮಾಡಿ ಗೋವಿಂದಾ ಎನ್ನುತ್ತಿದ್ದರು. ಬಾಳೆ ಎಲೆಯ ಮೇಲೆ ಬಾಳೆಹಣ್ಣು, ಬೆಲ್ಲ, ತೆಂಗಿನಕಾಯಿ, ತುಪ್ಪ ಕಲಸಿ ಇಟ್ಟು ಮಣೇವು ಮಾಡುವುದನ್ನು ನೋಡಲು ಮಕ್ಕಳೆಲ್ಲ ಮುಂದೆ ಬಂದು ಕೂರುತ್ತಿದ್ದೆವು. ದಾಸಯ್ಯಗಳು ಕುಣಿಯುತ್ತ ಕುಣಿಯುತ್ತ ಬಗ್ಗಿ ಆ ಎಲೆಯಿಂದ ಬಾಯಲ್ಲೇ ಎತ್ತಿಕೊಳ್ಳುವಾಗ ನಮಗೆ ಮೈ ಜುಮ್ಮೆನ್ನುತ್ತಿತ್ತು. ದೇವರು ಹಸಿದಿದ್ದಾನೆ, ಇವರ ಬಾಯಿಂದ ಉಣ್ಣುತ್ತಿದ್ದಾನೆ ಎಂದು ದೊಡ್ಡವರು ಹೇಳಿಕೊಟ್ಟಿದ್ದರು. ನಾವು ಅದನ್ನು ನಂಬಿದ್ದೆವು. ನಾನು ಈಗಲೂ ನಂಬುತ್ತೇನೆ.

ಆಮೇಲೆ ಪಂಕ್ತಿ. ನನ್ನ ಅಜ್ಜಿಗೆ ಒಂದು ಶ್ಲೋಕ ಬಾರದು, ಅಕ್ಷರವೂ ಬಾರದು. ಸೊಂಟಕ್ಕೆ ಸೆರಗು ಕಟ್ಟಿಕೊಂಡು ಬಡಿಸಲು ನಿಂತರೆ ಮಾತ್ರ ಅವಳ ಮುಂದೆ ಯಾರೂ ನಿಲ್ಲುವಂತಿರಲಿಲ್ಲ. ನಾವು ಅವಸರದಲ್ಲಿ ಎಲೆಗೆ ದೂರದಿಂದ ಅನ್ನ ಎಸೆದರೆ, “ಎಲೆ ಮುಂದೆ ಕೂತಿರೋನೇ ದ್ಯಾವ್ರು, ಬಗ್ಗಿ ಬಡ್ಸು ಮಗಾ” ಎಂದು ಗದರುತ್ತಿದ್ದಳು. ಬೆನ್ನು ನೋಯುವವರೆಗೆ ಬಗ್ಗುತ್ತಿದ್ದೆವು. ಸೇವೆ ಇಟ್ಟುಕೊಂಡ ಮನೆಯ ಯಜಮಾನ, ಯಜಮಾನಿ ಕೊನೆಯ ಪಂಕ್ತಿ ಎದ್ದ ಮೇಲೆಯೇ ಉಣ್ಣುವುದು. ಕೆಲವೊಮ್ಮೆ ಅವರ ಪಾಲಿಗೆ ಉಳಿದಿರುತ್ತಿದ್ದುದು ತಳ ಹತ್ತಿದ ಅನ್ನ, ತಿಳಿಸಾರು. ಅದನ್ನೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಅವರ ಮುಖದಲ್ಲಿ ಆಗ ಕಾಣುತ್ತಿದ್ದ ತೃಪ್ತಿಯನ್ನು ನಾನು ಮುಂದೆ ಬೇರೆಲ್ಲೂ ಅಷ್ಟು ಕಂಡಿಲ್ಲ.

ಭಗವದ್ಗೀತೆಯ ಮೂರನೆಯ ಅಧ್ಯಾಯ ಕರ್ಮಯೋಗ, ಹನ್ನೆರಡನೆಯದು ಭಕ್ತಿಯೋಗ ಎಂದು ನಾವು ಓದಿಕೊಂಡದ್ದು ಬಹಳ ವರ್ಷಗಳ ಮೇಲೆ. ಫಲದ ಆಸೆ ಬಿಟ್ಟು ಮಾಡುವ ಕೆಲಸ ಒಂದು ದಾರಿ, ಭಗವಂತನಲ್ಲಿ ಮನಸ್ಸಿಟ್ಟು ಕರಗುವುದು ಇನ್ನೊಂದು ದಾರಿ ಎಂದು ಪುಸ್ತಕದಲ್ಲಿ ಬೇರೆ ಬೇರೆ ಮಾಡಿ ಹೇಳುತ್ತಾರೆ. ನಮ್ಮೂರಿನವರಿಗೆ ಅವೆರಡರ ನಡುವೆ ಬೇಲಿ ಇತ್ತೆಂದು ನನಗೆ ಎಂದೂ ಅನ್ನಿಸಿಲ್ಲ. ಕಂಠ ಚೆನ್ನಾಗಿದ್ದವರು ಭಜನೆ ಹೇಳಿದರು, ಕಂಠವಿಲ್ಲದವರು ಸೌದೆ ಸೀಳಿದರು. ಇಬ್ಬರ ಲೆಕ್ಕವೂ ರಂಗನಾಥನ ಹತ್ತಿರ ಒಂದೇ. ನಮ್ಮ ಸೀಮೆಯಲ್ಲಿ ಭಕ್ತಿಯನ್ನು ಕಲಿಸಿದ್ದರಲ್ಲಿ ಪ್ರವಚನಕ್ಕಿಂತ ಒಲೆಯ ಪಾಲೇ ಹೆಚ್ಚು.

ಚೈತ್ರದಲ್ಲಿ ಮಾಗಡಿ ಜಾತ್ರೆ. ತಿರುಮಲೆಯ ತೇರಿಗೆ ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಹೊರಟರೆ ದಾರಿಯುದ್ದಕ್ಕೂ ಬಿಸಿಲು, ಧೂಳು. ಆದರೆ ಬಾಯಾರಿದವರು ಯಾರೂ ಇರುತ್ತಿರಲಿಲ್ಲ. ಹೊಂಗೆಮರದ ನೆರಳಿದ್ದ ಕಡೆಯಲ್ಲೆಲ್ಲ ಅರವಂಟಿಗೆ. ತೆಂಗಿನ ಗರಿಯ ಚಪ್ಪರ, ಮರಳಿನ ಮೇಲೆ ಕೂರಿಸಿದ ಮಣ್ಣಿನ ಗುಡಾಣಗಳು, ಅವಕ್ಕೆ ಸುತ್ತಿದ ಒದ್ದೆ ಬಟ್ಟೆ. ಒಂದರಲ್ಲಿ ಬೆಲ್ಲ, ಏಲಕ್ಕಿ, ನಿಂಬೆಹಣ್ಣಿನ ಪಾನಕ. ಇನ್ನೊಂದರಲ್ಲಿ ಕರಿಬೇವು, ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆ. ಮುತ್ತುಗದ ಎಲೆಯ ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ಎತ್ತುಗಳಿಗೂ ಪಕ್ಕದಲ್ಲೇ ತೊಟ್ಟಿ. ತಿರುಮಲೆಯೊಳಗೆ ಒಂದೊಂದು ಸಮುದಾಯದವರದೂ ಒಂದೊಂದು ಅರವಂಟಿಗೆ, ಅಲ್ಲಿ ಅನ್ನಸಂತರ್ಪಣೆ. ತೇರಿನ ಹಗ್ಗ ಮುಟ್ಟಿ, ಬಾಳೆಹಣ್ಣಿಗೆ ದವನ ಸಿಕ್ಕಿಸಿ ಎಸೆದು ಬಂದವರನ್ನು ಕೈಹಿಡಿದು ಕರೆದು ಎಲೆಯ ಮುಂದೆ ಕೂರಿಸುತ್ತಿದ್ದರು.

ಅರವಂಟಿಗೆ ಇಡುವುದು ಸುಲಭದ ಕೆಲಸವಾಗಿರಲಿಲ್ಲ. ಬೇಸಿಗೆಯಲ್ಲಿ ಬಾವಿಗಳ ನೀರು ಪಾತಾಳ ಸೇರಿರುತ್ತಿತ್ತು. ನಮ್ಮ ದೊಡ್ಡಪ್ಪ ಜಾತ್ರೆಯ ದಿನಗಳಲ್ಲಿ ಇನ್ನೂ ಕತ್ತಲಿರುವಾಗಲೇ ಎದ್ದು, ಗಾಡಿಯಲ್ಲಿ ಪೀಪಾಯಿ ಇಟ್ಟುಕೊಂಡು ದೂರದ ತೋಟದ ಬಾವಿಗೆ ಹೋಗುತ್ತಿದ್ದರು. ತೇರು ಎಳೆಯುವುದನ್ನು ಅವರು ನೋಡಿದ್ದೇ ಕಡಿಮೆ. ಜನ ಗುಡಿಯ ಕಡೆ ಓಡುವಾಗ ಅವರು ಗುಡಾಣ ತುಂಬಿಸುತ್ತಿದ್ದರು. ನೀವು ತೇರು ನೋಡಬೇಡವೇ ಎಂದು ಯಾರೋ ಕೇಳಿದ್ದಕ್ಕೆ, “ಬಂದೋರ ಬಾಯಾರಿಕೆ ನೋಡಿದ್ನಲ್ಲ, ಸಾಕು” ಎಂದಿದ್ದು ನಮ್ಮ ಮನೆಯಲ್ಲಿ ಇಂದಿಗೂ ನೆನೆಯುವ ಮಾತು.

ಧನುರ್ಮಾಸದ್ದು ಬೇರೆಯೇ ಸೊಗಸು. ಚುಮುಚುಮು ಚಳಿಯಲ್ಲಿ ಕಂಬಳಿ ಹೊದ್ದು, ತಾಳ ಹಿಡಿದು ಬೀದಿ ಬೀದಿಯಲ್ಲಿ ಭಜನೆ ಮಾಡಿಕೊಂಡು ಹೋಗುವುದು, ಕೊನೆಗೆ ರಾಮಮಂದಿರದ ಮುಂದೆ ಬಿಸಿ ಹುಗ್ಗಿ. ಆ ಮಂದಿರವನ್ನು ಊರವರೇ ಕಟ್ಟಿದ್ದು. ಕಲ್ಲು ಗುಡ್ಡದ್ದು, ಮರ ತೋಪಿನದು, ಕೂಲಿ ಯಾರದೂ ಅಲ್ಲ. ಸಂಜೆ ಅಲ್ಲಿ ಲಾಟೀನಿನ ಬೆಳಕಲ್ಲಿ ಕುಮಾರವ್ಯಾಸ ಭಾರತ ಓದುತ್ತಿದ್ದರು. ಒಬ್ಬರು ರಾಗವಾಗಿ ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಆ ದಪ್ಪ ಪುಸ್ತಕ ನಮ್ಮಂಥ ಹಳ್ಳಿಗೂ ಬಂದಿದ್ದರ ಹಿಂದೆ ನಮ್ಮ ಕಡೆಯವರೇ ಒಬ್ಬರಿದ್ದರು. ರಾಮನಗರದ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯ. ಗಮಕವೆಂದರೆ ಅವರಿಗೆ ಪ್ರಾಣ. ಅವರ ಒತ್ತಾಸೆಯಿಂದ ಸರ್ಕಾರ ಕುಮಾರವ್ಯಾಸ ಭಾರತವನ್ನು ಅಚ್ಚು ಹಾಕಿಸಿ ಎರಡು ರೂಪಾಯಿಗೆ ಕೊಟ್ಟಿತು.

ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೋಗುವಾಗ ಸಿಗುವ ಕೆಂಗಲ್ ಆಂಜನೇಯನ ಹೆಸರೇ ಹನುಮಂತಯ್ಯನವರ ಹೆಸರಿಗೂ ಅಂಟಿಕೊಂಡಿದ್ದು. ರಾಮನ ಕೆಲಸ ಮಾಡಿದ್ದೇ ಹನುಮನ ಭಕ್ತಿ. ಕೂತು ಜಪ ಮಾಡಿದ್ದಕ್ಕಿಂತ ಓಡಾಡಿದ್ದೇ ಹೆಚ್ಚು ಆ ದೇವರು. ಅಂಥ ದೇವರ ಊರಿನ ಕಡೆಯಿಂದ ಬಂದು 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದವರು ವಿಧಾನಸೌಧ ಕಟ್ಟಿಸಿ, ಅದರ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆಸಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಪರರಿಗಾಗಿ ಬೆವರು ಸುರಿಸುವುದನ್ನು ದೇವರ ಕೆಲಸವೆಂದೇ ಅವರ ಸೀಮೆ ಬಗೆದಿತ್ತು. ಕೆಂಗಲ್‌ನಲ್ಲಿ ಸಂಕ್ರಾಂತಿಯ ಸುಮಾರಿಗೆ ನಡೆಯುವ ದನಗಳ ಜಾತ್ರೆಗೆ ಅಪ್ಪನ ಜೊತೆ ಹೋಗಿದ್ದು ನೆನಪಿದೆ. ಹಳ್ಳಿಕಾರ್ ಹೋರಿಗಳನ್ನು ಕಟ್ಟಿದ ಸಾಲುಗಳ ನಡುವೆ, ಯಾರ ಪರಿಚಯವೂ ಇಲ್ಲದ ನಮ್ಮನ್ನು ಒಂದು ಬಿಡಾರದವರು ಕೂಗಿ ಕರೆದು ಮುದ್ದೆ, ಅವರೆಕಾಳಿನ ಸಾರು ಹಾಕಿದ್ದರು. ಅಪ್ಪ ಅವರ ಊರು ಕೇಳಿದರು, ಅವರು ನಮ್ಮ ಮಳೆಬೆಳೆ ಕೇಳಿದರು. ಯಾವ ಜನ ಎಂದು ಇಬ್ಬರೂ ಕೇಳಲಿಲ್ಲ.

ಕನಕಪುರದ ಕಡೆ ನನ್ನ ತಾಯಿಯ ತವರು. ಅಲ್ಲಿನ ಅಮ್ಮನ ಹಬ್ಬಗಳಿಗೆ ಹೋದರೆ ಕೊಂಡಕ್ಕೆ ಸೌದೆ ತರುವ ಎಳವಾರವನ್ನು ನೋಡಿಯೇ ಬರಬೇಕು. ಒಂದೊಂದು ಮನೆಯಿಂದಲೂ ಸೌದೆ ಬರಲೇಬೇಕು. ಗಾಡಿಯಿದ್ದವರು ಗಾಡಿ ತುಂಬ ಒಟ್ಟಿ, ಎತ್ತುಗಳಿಗೆ ಗೆಜ್ಜೆ ಕಟ್ಟಿ ಮೆರವಣಿಗೆಯಲ್ಲಿ ತರುತ್ತಿದ್ದರು. ಏನೂ ಇಲ್ಲದ ಮುದುಕಿ ಒಂದು ಕೊರಡನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ರಾಶಿಗೆ ಹಾಕಿ ಕೈಮುಗಿಯುತ್ತಿದ್ದಳು. ರಾತ್ರಿ ಬೆಂಕಿ ಹೊತ್ತಿಕೊಂಡ ಮೇಲೆ ಗಾಡಿಯ ಸೌದೆ ಯಾವುದು, ಮುದುಕಿಯ ಕೊರಡು ಯಾವುದು ಯಾರಿಗೆ ಗೊತ್ತು? ಬೆಳಗಿನ ಜಾವ ಪೂಜಾ ಕುಣಿತದವರು ತಲೆಯ ಮೇಲೆ ಬಿದಿರಿನ ಎತ್ತರದ ಚೌಕಟ್ಟು ಹೊತ್ತು, ತಮಟೆಯ ಗತ್ತಿಗೆ ಹೆಜ್ಜೆ ಹಾಕುತ್ತಿದ್ದರು. ಆ ಭಾರವನ್ನು ಕೈಯಿಂದ ಮುಟ್ಟದೆ ತಲೆಯ ಮೇಲೇ ತೂಗಿಸುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಅವರಲ್ಲಿ ಬಹುಪಾಲು ಹಗಲೆಲ್ಲ ಹೊಲದಲ್ಲಿ ಕೂಲಿ ಮಾಡಿದವರು. ಆ ಸೀಮೆಯ ದೇವಿ ಕಬ್ಬಾಳಮ್ಮನ ಹೆಸರು ಹೇಳಿದರೆ ಸಾಕು, ಅವರ ದಣಿವು ಎಲ್ಲಿಗೆ ಹೋಗುತ್ತಿತ್ತೋ.

ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿಗೆ ಹೋಗುತ್ತಿದ್ದುದು ಮನೆಯಲ್ಲಿ ಕೂಸು ಹುಟ್ಟಿದಾಗ, ಅಥವಾ ಹುಟ್ಟಲೆಂದು ಬೇಡಿಕೊಳ್ಳಲು. ಚೋಳರ ಕಾಲದ ಅಪ್ರಮೇಯನ ಗುಡಿಯಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣ. ಕೈಯಲ್ಲಿ ಬೆಣ್ಣೆ, ಎತ್ತಿದ ತಲೆ. ಇನ್ನೇನು ಮುಂದಕ್ಕೆ ಬಂದುಬಿಡುತ್ತಾನೆ ಅನ್ನಿಸುವ ಹಾಗೆ. ಹರಕೆ ತೀರಿಸುವವರು ಬೆಣ್ಣೆಯನ್ನೂ ಪುಟ್ಟ ತೊಟ್ಟಿಲುಗಳನ್ನೂ ತರುತ್ತಿದ್ದರು. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಈ ಕೂಸನ್ನು ನೋಡಿಯೇ ಎಂಬುದು ಅಲ್ಲಿನ ಜನರ ನಂಬಿಕೆ. ಆ ಹಾಡನ್ನು ದೊಡ್ಡ ಸಂಗೀತಗಾರರು ಸಭೆಗಳಲ್ಲಿ ಹಾಡುವುದನ್ನು ಆಮೇಲೆ ಕೇಳಿದ್ದೇನೆ. ಮಳೂರಿನ ಗುಡಿಯ ಕಲ್ಲುಹಾಸಿನ ಮೇಲೆ ಕೂತು, ಹೊಸ ಬಾಣಂತಿಯೊಬ್ಬಳು ಮಡಿಲಲ್ಲಿನ ಮಗುವಿಗೆ ಗುನುಗಿದ್ದರ ಮುಂದೆ ಅವೆಲ್ಲ ನನಗೆ ಎರಡನೆಯವು.

ಅಲ್ಲಿಂದ ಅಬ್ಬೂರು ದೂರವಲ್ಲ. ಕಣ್ವ ನದಿಯ ದಡದಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ವಿಜಯನಗರದ ರಾಜಗುರುವಾಗಿದ್ದು, 1539ರಲ್ಲಿ ತೀರಿಕೊಂಡ ವ್ಯಾಸರಾಯರು ಈ ಬ್ರಹ್ಮಣ್ಯತೀರ್ಥರ ಶಿಷ್ಯರು. ವ್ಯಾಸರಾಯರ ಶಿಷ್ಯರೇ ಪುರಂದರದಾಸರು, ಕನಕದಾಸರು. ಒಬ್ಬರು ವ್ಯಾಪಾರ, ಸಂಪತ್ತು ಎಲ್ಲವನ್ನೂ ಬಿಟ್ಟು ಮನೆಮನೆಯ ಮುಂದೆ ತಂಬೂರಿ ಹಿಡಿದು ನಿಂತವರು. ಇನ್ನೊಬ್ಬರು ಹುಟ್ಟಿನ ಕಾರಣಕ್ಕೆ ಹೊರಗೆ ನಿಲ್ಲಿಸಿದರೂ ಹರಿಯ ಬಾಗಿಲು ಬಿಡದವರು. ಆ ಇಬ್ಬರನ್ನೂ ಸಮನಾಗಿ ಮಡಿಲಿಗೆ ಹಾಕಿಕೊಂಡ ಗುರುವಿನ ಗುರುಪೀಠ ನಮ್ಮ ಕಣ್ವದ ದಡದಲ್ಲಿತ್ತು ಎಂಬುದು ನನಗೆ ಚಿಕ್ಕ ಹೆಮ್ಮೆಯಲ್ಲ.

ಹಳೆಯ ದಿನಗಳನ್ನು ನೆನೆಯುವಾಗ ಎಲ್ಲವೂ ಬೆಳಗಿತ್ತು ಎಂದು ಬರೆದುಬಿಡುವುದು ಸರಿಯಲ್ಲ. ಹರಿಸೇವೆಯ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿರಲಿಲ್ಲ. ಕೊಂಡದ ಸೌದೆ ಹೊತ್ತವರಲ್ಲಿ, ತಮಟೆ ಬಡಿದವರಲ್ಲಿ ಎಷ್ಟೋ ಜನಕ್ಕೆ ಗುಡಿಯ ಹೊಸ್ತಿಲು ದಾಟುವ ಹಕ್ಕು ಇರಲಿಲ್ಲ. ಅವರ ಎಲೆ ಅಂಗಳದ ಆಚೆ, ಕೊನೆಯಲ್ಲಿ. ಅವರ ಸೇವೆ ದೇವರಿಗೆ ಬೇಕಿತ್ತು, ಅವರ ಸಾಮೀಪ್ಯ ಮಾತ್ರ ಊರಿಗೆ ಬೇಡವಾಗಿತ್ತು. ಎಲೆಯ ಮುಂದೆ ಕೂತವನೇ ದೇವರು ಎನ್ನುತ್ತಿದ್ದ ನನ್ನ ಅಜ್ಜಿಗೂ ಆ ಗೆರೆ ಅಳಿಸಲು ಆಗಲಿಲ್ಲ. ಈ ನೋವನ್ನು ಪಕ್ಕಕ್ಕಿಟ್ಟು ಬರೆದ ನೆನಪಿಗೆ ಬೆಲೆಯಿಲ್ಲ.

ಆ ಗೆರೆ ಅಳಿಸಿದ ಪಂಕ್ತಿಯನ್ನು ನಾನು ಮೊದಲು ಕಂಡದ್ದು ತುಮಕೂರಿನ ಸಿದ್ಧಗಂಗೆಯಲ್ಲಿ. ಅದನ್ನು ಹಾಕಿದವರು ನಮ್ಮ ತಾಲ್ಲೂಕಿನವರು. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಯ ಮಗನಾಗಿ ಹುಟ್ಟಿದ ಶಿವಣ್ಣ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1930ರಲ್ಲಿ ಸಿದ್ಧಗಂಗೆಯ ಹಿರಿಯ ಗುರುಗಳಾದ ಉದ್ದಾನ ಶಿವಯೋಗಿಗಳು ಅವರನ್ನು ಮಠಕ್ಕೆ ಆರಿಸಿಕೊಂಡರು. ಕಾವಿ ಉಟ್ಟು ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಹಿರಿಯ ಗುರುಗಳು ಲಿಂಗೈಕ್ಯರಾದ ಮೇಲೆ ಮಠದ ಹೊಣೆಯೆಲ್ಲ ಇವರ ಹೆಗಲಿಗೆ. ಅಂದಿನ ಮಠಕ್ಕೆ ಕೈತುಂಬ ಆದಾಯವಿರಲಿಲ್ಲ. ಓದಲು ಬಂದ ಬಡ ಮಕ್ಕಳು ಮಾತ್ರ ದಿನೇ ದಿನೇ ಹೆಚ್ಚುತ್ತಿದ್ದರು. ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿದರು. ನಮ್ಮ ಹಿರಿಯರು ಆ ಭಿಕ್ಷೆಯ ದಿನಗಳನ್ನು ಕಂಡವರು. ರಾಗಿ ಬೀಸುವ ಮೊದಲು ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವುದು, ಸುಗ್ಗಿಯಲ್ಲಿ ಕಣದ ರಾಶಿಯಿಂದ ಮೊದಲ ಮೊರವನ್ನು ಮೀಸಲಿಡುವುದು ಹಲವು ಮನೆಗಳಲ್ಲಿ ರೂಢಿಯಾಯಿತು. ಶಿವರಾತ್ರಿಯ ಸುಮಾರಿನ ಸಿದ್ಧಗಂಗೆಯ ಜಾತ್ರೆಗೆ ದನ ಹೊಡೆದುಕೊಂಡು ಹೋಗುವವರು ಗಾಡಿಯಲ್ಲಿ ಒಂದು ಮೂಟೆ ರಾಗಿಯನ್ನೋ, ಹುಣಿಸೇಹಣ್ಣನ್ನೋ, ತೆಂಗಿನಕಾಯಿಯನ್ನೋ ಹಾಕಿಕೊಂಡೇ ಹೊರಡುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಅಂಥದೊಂದು ಗಾಡಿಯಲ್ಲೇ. ಬೆಟ್ಟದ ತಪ್ಪಲಲ್ಲಿ ಸಂಜೆಯ ಪ್ರಾರ್ಥನೆ. ಮಕ್ಕಳು ಸಾಲು ಸಾಲಾಗಿ ಕೂತು ಒಂದೇ ದನಿಯಲ್ಲಿ ಹೇಳುತ್ತಿದ್ದರೆ ಬಂಡೆಗಳೂ ಮರುದನಿ ಕೊಡುತ್ತಿದ್ದವು. ಸ್ವಾಮಿಗಳು ಬಂದು ಮಕ್ಕಳ ಮುಂದೆ ಕೂತರು. ಆಮೇಲೆ ಅಡುಗೆಮನೆ ನೋಡಿದೆವು. ಹರಿಸೇವೆಯ ಕೊಪ್ಪರಿಗೆ ನೋಡಿ ಬೆಳೆದ ನಮಗೂ ಆ ಹಂಡೆಗಳನ್ನು ಕಂಡು ಬೆರಗು. ಊಟದ ಸಾಲಿನಲ್ಲಿ ಕೂತವರಲ್ಲಿ ಎಲ್ಲ ಜಾತಿಯ ಮಕ್ಕಳಿದ್ದರು, ಮುಸಲ್ಮಾನರ ಮಕ್ಕಳೂ ಇದ್ದರು. ನನ್ನ ಪಕ್ಕದಲ್ಲಿ ಕೂತವನ ಮನೆತನವನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ಅವನಿಗೂ ಅಷ್ಟೆ. ಬಿಸಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುವುದರಲ್ಲಿ ಇಬ್ಬರೂ ಮುಳುಗಿದ್ದೆವು. ಊರಿಗೆ ಬಂದು ಅಜ್ಜಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ದೊಡ್ಡೋರು, ಅವ್ರು ಮಾಡಿದ್ದೇ ಸರಿ” ಎಂದಳು.

ದಾಸೋಹ ಈ ಸೀಮೆಗೆ ಹೊಸದಲ್ಲ. ಮಾಗಡಿಯ ಹತ್ತಿರದ ಕಲ್ಯದಲ್ಲಿ ಪಾಲ್ಕುರಿಕೆ ಸೋಮನಾಥ ಕೊನೆಯ ದಿನಗಳನ್ನು ಕಳೆದನೆಂದು ಹೇಳುತ್ತಾರೆ. ಬಸವಣ್ಣನವರ ಕಥೆಯನ್ನು ತೆಲುಗಿನಲ್ಲಿ ಪುರಾಣವಾಗಿ ಹಾಡಿದವನು ಅವನು. ಅದನ್ನೇ ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಕಾಯಕದಿಂದ ಬಂದುದನ್ನು ಹಂಚಿ ಉಣ್ಣಬೇಕು, ಉಣಿಸಿದವನು ತಾನು ದಾಸನೆಂದೇ ತಿಳಿಯಬೇಕು ಎಂದು ಹನ್ನೆರಡನೆಯ ಶತಮಾನದ ಶರಣರು ಹೇಳಿದ್ದನ್ನು ಇಪ್ಪತ್ತನೆಯ ಶತಮಾನದಲ್ಲಿ ದಿನಕ್ಕೆ ಸಾವಿರಾರು ಎಲೆಗಳ ಮೇಲೆ ನಡೆಸಿ ತೋರಿಸಿದವರು ವೀರಾಪುರದ ಶಿವಣ್ಣ. ಅನ್ನದ ಜೊತೆ ಅಕ್ಷರ, ಅಕ್ಷರದ ಜೊತೆ ಆಶ್ರಯ. ಮಠದಲ್ಲಿ ಓದುವ ಮಕ್ಕಳ ಸಂಖ್ಯೆ ಸುಮಾರು 10 ಸಾವಿರಕ್ಕೆ ಮುಟ್ಟಿತು. 2007ರಲ್ಲಿ ಕರ್ನಾಟಕ ರತ್ನ ಬಂತು, 2015ರಲ್ಲಿ ಪದ್ಮಭೂಷಣ ಬಂತು. ಅವರ ದಿನಚರಿ ಬದಲಾಗಲಿಲ್ಲ. ಇನ್ನೂ ಇರುಳಿರುವಾಗ ಎದ್ದು ಇಷ್ಟಲಿಂಗ ಪೂಜೆ, ಬಂದವರಿಗೆ ಮೊದಲು ‘ಪ್ರಸಾದ ಆಯಿತೇ’ ಎಂಬ ಪ್ರಶ್ನೆ.

2019ರ ಜನವರಿ 21, ಸೋಮವಾರ. ಬೆಳಿಗ್ಗೆ 11.44ಕ್ಕೆ ಸ್ವಾಮಿಗಳು ಲಿಂಗೈಕ್ಯರಾದರು. ಅವರಿಗೆ 111 ವರ್ಷ. ಸುದ್ದಿಯನ್ನು ಆಗಲೇ ಹೊರಗೆ ಬಿಡಲಿಲ್ಲ. ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ಪ್ರಕಟಿಸಿದರು. ಮಕ್ಕಳು ಹಸಿದಿರಬಾರದು ಎಂಬುದು ಅವರದೇ ಇಚ್ಛೆಯಾಗಿತ್ತು. ಆ ದಿನ ನಾನು ಟೀವಿಯ ಮುಂದೆ ಕೂತು ಅತ್ತೆ. ನನ್ನ ಹಾಗೆ ಮಾಗಡಿ ಸೀಮೆಯ ಮನೆಮನೆಯಲ್ಲೂ ಅತ್ತರು. ಮುಂದೆ ರಾಜ್ಯ ಸರ್ಕಾರ ಜನವರಿ 21ನ್ನು ದಾಸೋಹ ದಿನವೆಂದು ಘೋಷಿಸಿತು. ನಮ್ಮ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂಬ ಹೆಸರಿರುವುದನ್ನು ನೋಡಿದಾಗಲೆಲ್ಲ, ಸರ್ಕಾರ ಇಟ್ಟ ಹೆಸರುಗಳಲ್ಲಿ ಇದೇ ಅತ್ಯಂತ ಒಳ್ಳೆಯದು ಅನ್ನಿಸುತ್ತದೆ.

ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಬಿಡದಿಯ ಬಳಿಯ ಬಾನಂದೂರಿನಲ್ಲಿ 1945ರಲ್ಲಿ ಹುಟ್ಟಿದ ಬಾಲಗಂಗಾಧರನಾಥ ಸ್ವಾಮೀಜಿ. 1974ರಲ್ಲಿ ಆದಿಚುಂಚನಗಿರಿಯ ಪೀಠಕ್ಕೆ ಬಂದಾಗ ಕಾಲಭೈರವನ ಆ ಬೆಟ್ಟ ಬಹುಮಟ್ಟಿಗೆ ಕಲ್ಲು, ಮುಳ್ಳು. 2013ರ ಜನವರಿ 13ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಮಠದಿಂದ ನೂರಾರು ವಿದ್ಯಾಸಂಸ್ಥೆಗಳು ನಡೆಯುತ್ತಿದ್ದವು, ಹಳ್ಳಿಗಾಡಿನ ನಡುವೆ ವೈದ್ಯಕೀಯ ಕಾಲೇಜು ನಿಂತಿತ್ತು. ಗಿಡ ನೆಡುವುದನ್ನು ಅವರು ಪೂಜೆಯ ಹಾಗೆ ಮಾಡಿಸಿದರು. ನಮ್ಮ ರಾಮನಗರ, ಚನ್ನಪಟ್ಟಣದ ಎಷ್ಟೋ ರೈತರ ಮಕ್ಕಳು ಮೊದಲ ಬಾರಿಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಅವರು ತೆರೆದ ಬಾಗಿಲಿನಿಂದ. ಅರವಂಟಿಗೆ, ಹರಿಸೇವೆಗಳಲ್ಲಿ ಕೈ ಪಳಗಿದ ಸೀಮೆಯಲ್ಲಿ ಇಂಥ ಇಬ್ಬರು ಹುಟ್ಟಿದ್ದು ಆಕಸ್ಮಿಕವೆಂದು ನಾನು ತಿಳಿದಿಲ್ಲ. ಊರು ಮಾಡುತ್ತಿದ್ದುದನ್ನೇ ಅವರು ನಾಡಿಗೆ ಮಾಡಿದರು.

ಈಗ ಬೆಂಗಳೂರು ನಮ್ಮ ಹೊಸ್ತಿಲಿಗೇ ಬಂದಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, ಆರು ಪಥದ ಹೆದ್ದಾರಿಯಾಯಿತು. ಗುಡಾಣಗಳಿದ್ದ ಹೊಂಗೆಮರಗಳಲ್ಲಿ ಹಲವು ರಸ್ತೆಗೆ ಹೋದವು. ಜಾತ್ರೆಯ ಅರವಂಟಿಗೆಗಳಲ್ಲಿ ಪಾನಕ ಇನ್ನೂ ಇದೆ, ಅನ್ನ ಮೊದಲಿಗಿಂತ ಧಾರಾಳವಾಗಿದೆ. ಕಡಿಮೆಯಾಗಿರುವುದು ಕೈಗಳು. ಅಡುಗೆಯವರಿಗೆ ಗುತ್ತಿಗೆ, ಬಡಿಸುವವರಿಗೆ ಸಮವಸ್ತ್ರ, ಹರಕೆ ಹೊತ್ತವರು ದುಡ್ಡು ಕಟ್ಟಿ ಕುರ್ಚಿಯಲ್ಲಿ ಕೂತಿರುತ್ತಾರೆ. ಅವರನ್ನು ದೂರಲಾರೆ. ನಗರದಲ್ಲಿ ಕೆಲಸ, ಒಂದು ದಿನದ ರಜೆ, ಹಳ್ಳಿಯ ಮನೆಗೆ ಬೀಗ. ಹಣವೂ ಕಾಣಿಕೆಯೇ, ಅದೂ ಬೆವರಿನದೇ. ಆದರೂ ಬಗ್ಗಿ ಬಡಿಸಿದಾಗ ಬೆನ್ನಿಗೆ ಬರುತ್ತಿದ್ದ ನೋವು, ಅದರೊಂದಿಗೇ ಎದೆಯಲ್ಲಿ ಹಗುರಾಗುತ್ತಿದ್ದ ಅಹಂಕಾರ, ಇವು ರಸೀದಿಯಿಂದ ಸಿಗುವಂಥವಲ್ಲ. ನಾನೇ ಕೊಟ್ಟೆ ಎಂಬ ಭಾವ ದಾನದಲ್ಲಿ ಉಳಿದುಬಿಡಬಹುದು. ಎಂಜಲೆಲೆ ಎತ್ತುವವನಲ್ಲಿ ಅದು ಉಳಿಯುವುದು ಕಷ್ಟ.

ಹಾಗೆಂದು ಎಲ್ಲ ಮುಗಿಯಿತು ಎಂದೂ ಇಲ್ಲ. ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ನಮ್ಮ ಕಡೆಯ ಹುಡುಗರು ಗುಡಿಯ ಹಿಂದಿನ ಕೊಪ್ಪರಿಗೆಗಳನ್ನು ಮತ್ತೆ ಹೊರಗೆ ತಂದರು. ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದವರಿಗೆ ಅನ್ನ ಕಟ್ಟಿಕೊಟ್ಟರು. ಆ ಹುಡುಗರಲ್ಲಿ ಯಾರು ಯಾವ ಬೀದಿಯವರು ಎಂದು ಈ ಬಾರಿ ಯಾರೂ ನೋಡಲಿಲ್ಲ. ಅಡುಗೆಗೆ ನಿಂತವರಲ್ಲಿ, ಹಿಂದೆ ಅಂಗಳದ ಆಚೆ ಕೂರುತ್ತಿದ್ದವರ ಮೊಮ್ಮಕ್ಕಳೂ ಇದ್ದರು. ನನ್ನ ಅಜ್ಜಿ ಇದ್ದಿದ್ದರೆ ಸೆರಗು ಕಟ್ಟಿ ಅವರ ಜೊತೆ ನಿಲ್ಲುತ್ತಿದ್ದಳು ಎಂದೇ ನನ್ನ ನಂಬಿಕೆ.

ಇದನ್ನು ಓದುವ ನನ್ನ ವಾರಿಗೆಯವರಲ್ಲಿ ಒಂದು ಕೋರಿಕೆ. ಬರುವ ಚೈತ್ರದಲ್ಲಿ ತಿರುಮಲೆಯ ತೇರಿಗೆ ಬನ್ನಿ, ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆತನ್ನಿ. ದರ್ಶನ ಮುಗಿಸಿ ಊಟಕ್ಕೆ ಕೂರುವ ಮೊದಲು ಯಾವುದಾದರೂ ಒಂದು ಅರವಂಟಿಗೆಗೆ ಹೋಗಿ, ನಮ್ಮ ಮಕ್ಕಳೂ ಒಂದು ಪಂಕ್ತಿ ಬಡಿಸುತ್ತಾರೆ ಎಂದು ಕೇಳಿ. ನಮ್ಮ ಸೀಮೆಯಲ್ಲಿ ಇದಕ್ಕೆ ಇಲ್ಲ ಎನ್ನುವವರು ಇನ್ನೂ ಹುಟ್ಟಿಲ್ಲ.